ಕೋವಿ ಹೊತ್ತು ಆರು ಮೈಲಿ

ಎಲೆಕ್ಷನ್ ಬಂತೆಂದರೆ ಮಿಕ್ಕವರ ಮನೆಗೆ ಲೀಡರುಗಳು ಬರುತ್ತಾರೆ, ಅಂಕಯ್ಯನ ಮನೆಯಿಂದ ಕೋವಿ ಹೊರಡುತ್ತದೆ. ಕನಕಪುರದ ಕಾಡಂಚಿನ ಊರು. ಬೆಳೆಗೆ ನುಗ್ಗುವ ಹಂದಿ ಬೆದರಿಸಲು ಅಪ್ಪನ ಕಾಲದಿಂದ ಇರುವ ಒಂಟಿ ನಳಿಗೆಯ ಕೋವಿ ಅದು. ಓಟು ಮುಗಿಯುವ ತನಕ ಠಾಣೆಯಲ್ಲಿಡಬೇಕು. ಇವತ್ತು ಸಂಜೆ ಐದಕ್ಕೆ ಗಡುವು. ತಪ್ಪಿದರೆ ಲೈಸೆನ್ಸ್ ಹೋದಂತೆಯೇ.

ಎಪ್ಪತ್ತು ದಾಟಿದ ಅಂಕಯ್ಯ ಮದ್ದು, ಚರೆಯನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ನಳಿಗೆಯೊಳಗೆ ಕಡ್ಡಿ ಬಿಟ್ಟು ಖಾಲಿಯೇ ಎಂದು ಎರಡು ಸಲ ನೋಡಿದ. ಕೋವಿಯನ್ನು ಕ್ಯಾನ್ವಾಸ್ ಚೀಲಕ್ಕೆ ಇಳಿಸಿ, ದೇವರ ಗೂಡಿನಲ್ಲಿದ್ದ ಲೈಸೆನ್ಸ್ ಬುಕ್ಕನ್ನು ಒಳಜೇಬಿಗೆ ಹಾಕಿಕೊಂಡ.

ಬಸ್ಸು ಬಂತು. ಕಂಡಕ್ಟರ್ ನಟರಾಜು ಕೈ ಅಡ್ಡ ಹಿಡಿದ.

"ಕೋವಿಯಾ ತಾತ? ಹತ್ತುಸ್ಕಳಕಾಗಲ್ಲ, ಜನ ಹೆದರ್ಕತ್ತಾರೆ."

"ಖಾಲಿ ಐತೆ ಕಣಪ್ಪ. ನನ್ ಹೊಟ್ಟೆಗಿಂತ ಖಾಲಿ."

ನಟರಾಜು ನಕ್ಕ. ಬಸ್ಸು ಹೋಯಿತು.

ಕಾಡಿನ ಕಾಲುದಾರಿ ಎರಡೇ ಮೈಲಿ. ಆದರೆ ಕೋವಿ ಹೊತ್ತು ಕಾಡೊಳಗೆ ಕಾಲಿಟ್ಟರೆ ಫಾರೆಸ್ಟಿನವರು ಬೇಟೆ ಕೇಸು ಜಡಿಯುತ್ತಾರೆ. ರಸ್ತೆ ಸುತ್ತಿದರೆ ಆರು ಮೈಲಿ. ಅಂಕಯ್ಯ ನಿಟ್ಟುಸಿರು ಬಿಟ್ಟು ರಸ್ತೆಯನ್ನೇ ಹಿಡಿದ. ಒಂದೊಂದು ಮೈಲಿಗಲ್ಲು ಕಂಡಾಗಲೂ ಮಂಡಿ ಕೂರು ಕೂರು ಎನ್ನುತ್ತಿತ್ತು. ಕೂತರೆ ಏಳಲಾರೆನೆಂದು ಕೂರಲಿಲ್ಲ.

ಠಾಣೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ದಾಖಲೆ ಬರೆಯುವ ಪೊಲೀಸ್ ಯೋಗಾನಂದ ಬುಕ್ಕು ಬಿಡಿಸಿದವನೇ ಹಣೆ ಚಚ್ಚಿಕೊಂಡ. ಆಯುಧಪೂಜೆಯ ದಿನ ಅಂಕಯ್ಯನ ಹೆಂಡತಿ ಮುನಿಯಮ್ಮ ಕೋವಿಯ ಪಕ್ಕ ಬುಕ್ಕನ್ನೂ ಬಿಡಿಸಿಟ್ಟು ಅರಿಶಿನ ಕುಂಕುಮ ಬಳಿದಿದ್ದಳು. ಲೈಸೆನ್ಸ್ ಯಾವತ್ತಿನ ತನಕ ಎಂಬ ತಾರೀಖು ಕೆಂಪಿನಲ್ಲಿ ಮುಳುಗಿತ್ತು.

"ಏನ್ ಅಂಕಯ್ಯ, ಲೈಸೆನ್ಸಿಗೂ ಕುಂಕುಮ ಇಟ್ಬುಟ್ಟವ್ರಲ್ಲ! ತಾರೀಖೇ ಕಾಣದಿದ್ರೆ ನಾನೇನ್ ಬರ್ಕಳ್ಲಿ?"

ಅಂಕಯ್ಯ ಅಂಗಿ ಜೇಬಿನ ಪ್ಲಾಸ್ಟಿಕ್ ಕವರು ಬಿಚ್ಚಿ ಮೇಜಿನ ಮೇಲೆ ಸುರಿದ. ಹನ್ನೊಂದು ಎಲೆಕ್ಷನ್ನಿನ ಠಾಣೆ ರಸೀದಿಗಳು. ಕಡೆಯದರಲ್ಲಿ ಆ ತಾರೀಖು ಇತ್ತು, ಇನ್ನೂ ಎರಡು ವರ್ಷ ಬಾಕಿ. ಅದೂ ಯೋಗಾನಂದನದೇ ಕೈಬರಹ.

"ನಾನೇ ಬರ್ದಿದ್ನ ಸುಳ್ಳು ಅನ್ನಕಾಯ್ತದಾ," ಎಂದು ಆತ ಹಳೇ ರಿಜಿಸ್ಟರ್ ತೆಗೆದು ತಾಳೆ ನೋಡಿ, ಕೋವಿ ಇಟ್ಟುಕೊಂಡು ಹನ್ನೆರಡನೇ ರಸೀದಿ ಹರಿದುಕೊಟ್ಟ.

ವಾಪಸು ಬರುವಾಗ ನಟರಾಜು ತಾನೇ ಕಿಟಕಿ ಸೀಟು ಬಿಡಿಸಿಕೊಟ್ಟ. ಬರಿಗೈ ಅಂಕಯ್ಯನ ಹೆಗಲು ಮಾತ್ರ ಇನ್ನೂ ಒಂದು ಕಡೆಗೆ ವಾಲಿಯೇ ಇತ್ತು.

"ಇಸ್ಕಂಡ್ರಾ?" ಎಂದಳು ಬಾಗಿಲಲ್ಲಿ ಮುನಿಯಮ್ಮ.

"ಇಸ್ಕಂಡ್ರು. ಹಂದಿ ಬತ್ತವೆ, ಬಡಿಯಕ್ಕೆ ಆ ತಗಡಿನ ಡಬ್ಬ ತಗದಿಡು." ಜಗಲಿಯ ಮೇಲೆ ಒರಗಿದ. "ಒಸಿ ನೀರು ಕೊಡು ಮೊದ್ಲು."