ಕುಂತೂರಿನಲ್ಲಿ ನಾನಿಲ್ಲದ ಮಧ್ಯಾಹ್ನ

ಆ ಭಾನುವಾರ ಬೆಳಿಗ್ಗೆ ಅಂಗಳ ಗುಡಿಸಿದೆ, ಎರಡು ಕೊಡ ನೀರು ಹಿಡಿದೆ, ಹುರುಳಿ ನೆನೆಹಾಕಿದೆ, ಹೊಲಿದಿಟ್ಟಿದ್ದ ಎರಡು ರವಿಕೆಗೆ ಹುಕ್ಸು ಹಾಕಿದೆ, ಮನೆಗೆ ಬೀಗ ಹಾಕಿ ಹನೂರಿಗೆ ಹೋಗುವ ಬಸ್ಸು ಹತ್ತಿದೆ. ಇಷ್ಟೆಲ್ಲ ಬರೆಯುವುದಕ್ಕೆ ಕಾರಣವಿದೆ: ಅಂದು ಮಧ್ಯಾಹ್ನ ನಾನು ಕುಂತೂರಿನಲ್ಲಿ ಇರಲಿಲ್ಲ. ದೆವ್ವ, ದರ್ಶನ ಇವನ್ನೆಲ್ಲ ನಾನು ನಂಬಿದವಳೂ ಅಲ್ಲ. ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದೆ.

ಪಕ್ಕದ ಮನೆಯ ಸಿದ್ದಮ್ಮಕ್ಕ ಮರುದಿನ ಹೊಟ್ಟೆ ಆಪರೇಷನ್ನಿಗೆ ಕೊಳ್ಳೇಗಾಲದ ಆಸ್ಪತ್ರೆ ಸೇರಬೇಕಿತ್ತು. ಮಂಪರು ಔಷಧಿ ಕೊಟ್ಟರೆ ಮತ್ತೆ ಏಳುವುದೇ ಇಲ್ಲವೆಂಬ ಭಯ ಅವರಿಗೆ. ವಾರದಿಂದ ನಿದ್ದೆಯಿಲ್ಲ. ಹೋಗುವುದಿಲ್ಲವೆಂದು ಹಠ. ಶನಿವಾರ ನನ್ನ ಕೈ ಹಿಡಿದು ಕೇಳಿದ್ದರು: “ಗಂಡ ತೀರ್ಕಂಡಾಗ ನೀನು ಎಂಗಮ್ಮಿ ತಡ್ಕಂಡೆ? ಯಾರು ಧೈರ್ಯ ಕೊಟ್ರು?”

ಉತ್ತರ ನಾಲಗೆಯ ಮೇಲೇ ಇತ್ತು. ಆದರೆ ಅವರು ವಿಭೂತಿ ಇಡುವ ಮನೆಯವರು. ನಾನು ಏಸುವಿನ ಹೆಸರೆತ್ತಿದರೆ, ಹುಷಾರಿಲ್ಲದ ಹೊತ್ತು ನೋಡಿ ಮತ ಬದಲಿಸಲು ಬಂದಳು ಅಂದಾರು. “ಒಲೆ ಮ್ಯಾಲೆ ಸಾರು ಅದೆ ಕಣಕ್ಕ” ಎಂದು ಎದ್ದು ಬಂದೆ. ಒಲೆ ಹಚ್ಚಿಯೇ ಇರಲಿಲ್ಲ.

ಹನೂರಿನ ಚರ್ಚಿನಲ್ಲಿ ಅಂದು ಬೈಬಲ್ಲಿನ ಪೇತ್ರನ ಪತ್ರದ ಭಾಗ ಓದಿದರು. ನಿಮ್ಮ ಭರವಸೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಮೆಲ್ಲಗೆ, ಮರ್ಯಾದೆಯಿಂದ ಹೇಳಿ ಎಂಬರ್ಥದ ಮಾತು. ಎಷ್ಟೋ ಸಲ ಕೇಳಿದ್ದೆ. ಮನೆಮನೆಯ ಬಾಗಿಲು ತಟ್ಟುವವರಿಗೆ ಹೇಳಿದ್ದು ಅಂದುಕೊಂಡಿದ್ದೆ. ಕೇಳಿದವರಿಗೆ ಹೇಳು ಎಂದಷ್ಟೇ ಅಲ್ಲಿರುವುದು. ಸಿದ್ದಮ್ಮಕ್ಕ ಕೇಳಿದ್ದರು. ನನಗೆ ಮುಖ ಬಿಸಿಯಾಯಿತು.

ಹನೂರಿನಲ್ಲೇ ಇರುವ ತಂಗಿಯ ಮನೆಯಲ್ಲಿ ಉಂಡು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿ, ಕುಂತೂರು ಸೇರಿದಾಗ ಹೊತ್ತು ಮುಳುಗುತ್ತಿತ್ತು. ನೇರ ಅವರ ಮನೆಗೇ ಹೋದೆ. “ಅಕ್ಕ, ನೆನ್ನೆ ನೀವು ಕೇಳುದ್ರಲ್ಲ...” ಎಂದೆ.

ಅವರು ನಕ್ಕುಬಿಟ್ಟರು. “ಮಧ್ಯಾನ ಬಂದು ಎಲ್ಲಾ ಕತೇನೂ ಏಳ್ದಲ್ಲಮ್ಮಿ, ಇನ್ನೇನ ಮಡಿಕಂಡಿದ್ದಯ್ಯೆ? ಅನ್ನಕ್ಕೆ ನೀರಿಟ್ಟು ಅಕ್ಕಿ ಆಕದೇ ಮರ್ತು ಕುಂತಿದ್ಯಂತೆ, ಪಾತ್ರೆ ಸೀದೋಯ್ತಂತೆ! ‘ಒಬ್ಳೇ ಇರಾಕಾಗಲ್ಲ, ಜೊತೇಲಿರು ಸ್ವಾಮಿ’ ಅಂದ್ಯಂತೆ. ಪಕ್ಕದಲ್ಲಿ ಯಾರೋ ಕುಂತಂಗಾಯ್ತಂತೆ. ನಂಗೂ ಅಷ್ಟೇ ಸಾಕು, ನಾಳೆ ಆಸ್ಪತ್ರೆಗೆ ಓಯ್ತೀನಿ.”

ಗಂಡ ತೀರಿಹೋದ ತಿಂಗಳು, ಬಾಗಿಲು ಹಾಕಿದ ಮನೆಯಲ್ಲಿ ನಡೆದದ್ದು ಅದು. ತಂಗಿಗೂ ಹೇಳಿರಲಿಲ್ಲ.

ಅಕ್ಕ ಕನಸು ಕಂಡಿರಬೇಕೆಂದು ಅವರ ಸೊಸೆಯ ಮುಖ ನೋಡಿದೆ. “ಕಾಪಿ ಕೊಟ್ರೆ ಬ್ಯಾಡ ಅಂದ್ರಿ. ನೀವು ಕಾಪಿ ಬ್ಯಾಡ ಅಂದಿದ್ದು ಇದೇ ಮೊದ್ಲು ಕಣ್ರಿ” ಎಂದು ಅವಳು ಛೇಡಿಸಿದಳು. ಯಾವ ಸೀರೆ ಉಟ್ಟಿದ್ದೆ ಎಂದು ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ “ಇದೇಯ” ಎಂದಳು.

ವರ್ಷಗಳೇ ಆದವು. ಬಂದದ್ದು ಯಾರು, ನನಗೆ ಗೊತ್ತಿಲ್ಲ. ಸಿದ್ದಮ್ಮಕ್ಕ ವಿಭೂತಿ ಇಟ್ಟುಕೊಂಡು ಈಗಲೂ ಜಗಲಿಯ ಮೇಲೆ ಕೂರುತ್ತಾರೆ. ಆಗೊಮ್ಮೆ ಈಗೊಮ್ಮೆ ಆ ಕತೆಯನ್ನು ಅವರಾಗಿಯೇ ಕೇಳುತ್ತಾರೆ, ಈಗ ನಾನೇ ಹೇಳುತ್ತೇನೆ. ಅಂದು ಬಂದವಳು ನಾನಲ್ಲ ಎಂಬುದನ್ನು ಮಾತ್ರ ಹೇಳಿಲ್ಲ.

ಮರುದಿನ ಬೆಳಿಗ್ಗೆ ಅವರ ಜೊತೆ ಕೊಳ್ಳೇಗಾಲಕ್ಕೆ ಹೋಗಬೇಕೆಂದು ಆ ಭಾನುವಾರ ರಾತ್ರಿ ಅವರ ಮನೆಯಲ್ಲೇ ಉಳಿದೆ. ಮುದ್ದೆ, ನಾನು ನೆನೆಹಾಕಿದ್ದ ಹುರುಳಿಯನ್ನು ಮನೆಯಿಂದ ತಂದು ಮಾಡಿದ ಸಾರು. ಸಿದ್ದಮ್ಮಕ್ಕ ಒಂದು ಮುದ್ದೆ ಪೂರ್ತಿ ಉಂಡರು. ನನಗೆ ಸೇರಲಿಲ್ಲ. ಮೊದಲು ನಿದ್ದೆ ಹೋದವರೂ ಅವರೇ.