ಮೊದಲನೆಯ ‘ಸಾಕು’

ಮೊಮ್ಮಗಳು ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ತರಬೇತಿಗೆ ಸೇರಿದ್ದಾಳೆ. ನಿನ್ನೆ ರಜೆಗೆ ಬಂದವಳು, ಈ ಹೊತ್ತು ನಾನೇ ಬಡಿಸುತ್ತೇನೆ ಎಂದು ನಿಂತಳು. ಒಂದು ಮುದ್ದೆ ಮುಗಿಯಿತು. ಇನ್ನರ್ಧ ಹಾಕಲಾ ತಾತ, ಎಂದಳು. ಮರ್ಯಾದೆಗೆ ‘ಸಾಕು’ ಅಂದೆ ನೋಡಿ, ತಟ್ಟೆಯನ್ನೇ ಎತ್ತಿಕೊಂಡು ಹೋಗಿಬಿಟ್ಟಳು! ಎಂಜಲು ಕೈ ಹಿಡಿದು ಕೂತವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಇದೇ ಪಾಠವನ್ನು ನಾನೂ ಕಲಿತವನೇ. ಕಲಿತೆ ಅನ್ನುವುದು ಜಂಬದ ಮಾತು, ಕಲಿಯಲಾರದೆ ಒದ್ದಾಡಿದೆ.

ಆಗ ಯುದ್ಧದ ಕಾಲ. ಮಳವಳ್ಳಿಯಲ್ಲಿ ಸಾಹೇಬರುಗಳು ಇಳಿದುಕೊಳ್ಳುವ ಸರ್ಕಾರಿ ಬಂಗಲೆಯೊಂದಿತ್ತು. ಅಲ್ಲಿ ಊಟ ಬಡಿಸುವ ಕೆಲಸ ನನಗೆ ಸಿಕ್ಕಿತು. ಮೂರು ತಿಂಗಳು ಕಲಿಯಬೇಕು, ಒಪ್ಪಿಗೆಯಾದರೆ ಖಾಯಂ. ಖಾಯಂ ಆದರೆ ಸೋದರಮಾವ ಮಗಳು ಜಯಮ್ಮನನ್ನು ಕೊಡುತ್ತಾನೆ. ಇಲ್ಲದಿದ್ದರೆ ಗೆಜ್ಜಲಗೆರೆಯ ಗಂಡೊಬ್ಬ ಬಾಸಿಂಗ ಕಟ್ಟಿಸಿಕೊಳ್ಳಲು ತಯಾರಾಗಿ ಕೂತಿದ್ದ. ಅವನ ಮುಖ ನೋಡಿರಲಿಲ್ಲ, ಆದರೂ ಅವನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು.

ಕಲಿಸುವವನು ಬಂಗಲೆಯ ಅಡುಗೆಯವನು, ಚಿಕ್ಕಣ್ಣ ಮೇಸ್ತ್ರಿ. ಮೂವತ್ತು ವರ್ಷ ಅದೇ ಒಲೆಯ ಮುಂದೆ ಬೆಂದವನು. ದಿನಾ ಬೆಳಿಗ್ಗೆ ಕೊರಳಿಗೆ ಟವಲು ಸಿಕ್ಕಿಸಿ, ತಾನೇ ದೊರೆಯಾಗಿ ಕುರ್ಚಿಯಲ್ಲಿ ಕೂರುತ್ತಿದ್ದ. ನಾನು ಬರೀ ತಟ್ಟೆಗೆ ಬರೀ ಚಮಚದಲ್ಲಿ ಬಡಿಸಬೇಕು. ಎಲ್ಲ ಬಂತು, ಒಂದು ಮಾತ್ರ ಬರಲಿಲ್ಲ. ನಮ್ಮ ಕೆರಗೋಡಿನ ಕಡೆ ಮೊದಲನೆಯ ‘ಸಾಕು’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದು ಹೊಟ್ಟೆಯದು. ಮೊದಲನೆಯದಕ್ಕೇ ಕೈ ಹಿಂದೆಗೆದರೆ ನೆಂಟಸ್ತನವೇ ಮುರಿಯುತ್ತದೆ. ಮೇಸ್ತ್ರಿ ಸಾಕು ಅಂದಾಗಲೆಲ್ಲ ನನ್ನ ಬಾಯಿ ತಾನಾಗಿಯೇ ಬಲವಂತಕ್ಕೆ ಇಳಿಯುತ್ತಿತ್ತು.

“ದೊರೆ ಸಾಕು ಅಂದ್ರೆ ಸಾಕು ಕಣ್ಲಾ,” ಅನ್ನುತ್ತಿದ್ದ. “ನೀನು ಗ್ವಾಡೆ. ಗ್ವಾಡೆ ಎಲ್ಲಾರ ಮಾತಾಡ್ತದಾ?”

ಒಮ್ಮೆ ಸರ್ವೇ ಸಾಹೇಬರೊಬ್ಬರಿಗೆ ಹೀಗೇ ಬಲವಂತ ಮಾಡಿದೆ, ಅವರು ಕೆಕ್ಕರಿಸಿ ನೋಡಿ ಎದ್ದುಹೋದರು. ಇನ್ನೊಂದು ಸಲ ಬಾಯಿಬಿಟ್ಟರೆ ಗಂಟುಮೂಟೆ ಕಟ್ಟು ಎಂದ ಮೇಸ್ತ್ರಿ. ಅಂದಿನಿಂದ ನಾನು ಗೋಡೆಯೇ ಆದೆ.

ಮೂರನೆಯ ತಿಂಗಳ ಕೊನೆಗೆ ಕರೆಂಟು ಇಲಾಖೆಯ ಇಂಜಿನಿಯರೊಬ್ಬರು ಬಂದರು. ಅವರು ಅಭಿಪ್ರಾಯದ ಪುಸ್ತಕದಲ್ಲಿ ಏನು ಬರೆಯುತ್ತಾರೋ ಅದರ ಮೇಲೆ ನನ್ನ ಖಾಯಂ. ಕೋಟು, ಬೂಟು, ಟೈ. ಸೂಪು ಕುಡಿದರು, ಕಟ್ಲೆಟ್ಟನ್ನು ಮುಳ್ಳುಚಮಚದಿಂದ ಚುಚ್ಚಿ ಚುಚ್ಚಿ ನೋಡಿದರು. ಇನ್ನೊಂದು ಹಿಡಿದೆ, ‘ಸಾಕು’ ಎಂದರು. ಅಂದರೇನು, ಕಣ್ಣು ಅಡುಗೆಮನೆಯ ಕಡೆಗೇ ಇತ್ತು. ಮೇಸ್ತ್ರಿ ತನಗೆಂದು ಮಾಡಿಕೊಂಡಿದ್ದ ಬಸ್ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ಆ ‘ಸಾಕು’ ನಮ್ಮೂರಿನದು ಎಂದು ನನಗೆ ಖಾತ್ರಿಯಾಯಿತು. ಗೆಜ್ಜಲಗೆರೆಯವನು ಕಣ್ಣೆದುರು ಬಂದ. ಬಂದರೂ ನಾಲಗೆ ಕೇಳಬೇಕಲ್ಲ!

“ಸಾಕು ಅಂದ್ರೆ ಹೆಂಗೆ ಸ್ವಾಮಿ? ಒಳಗೆ ಮುದ್ದೆ ಬಸ್ಸಾರು ಅದೆ. ಒಂದರ್ಧ ಮುರ್ಕಳಿ.”

ಪರದೆಯ ಹಿಂದೆ ಸೌಟು ಬಿದ್ದ ಸದ್ದಾಯಿತು. ಇಂಜಿನಿಯರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮುಳ್ಳು ಚಾಕು ಪಕ್ಕಕ್ಕೆ ತಳ್ಳಿ, “ತತ್ತಾ” ಎಂದರು. ಇದ್ದ ಎರಡು ಮುದ್ದೆಯೂ ಹೋದವು. ಹೊರಡುವಾಗ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದರು. ಅರ್ಧಂಬರ್ಧ ಹೈಸ್ಕೂಲು ಓದಿದ್ದ ನಾನೇ ಓದಿ ಹೇಳಿದೆ: ‘ಇವನನ್ನು ಖಾಯಂ ಮಾಡಿ. ಇನ್ನೇನನ್ನೂ ಕಲಿಸಬೇಡಿ.’ ಮೇಸ್ತ್ರಿ ನಂಬಲಿಲ್ಲ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸ್ಕೂಲು ಮೇಷ್ಟರ ಹತ್ತಿರ ಓದಿಸಿಕೊಂಡು ಬಂದ.

ಬಂದವನಿಗೆ ಊಟವೇ ಇರಲಿಲ್ಲ. ನಾನು ಹೊಸದಾಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿ ಬಡಿಸಿದೆ. ನೆಲದ ಮೇಲೆ ಕೂತು ಉಂಡ. ಇನ್ನೊಂದು ಹಿಡಿದೆ. ‘ಸಾಕು’ ಎಂದ. ಅವನೇ ಕಲಿಸಿದ್ದನಲ್ಲ, ನಾನು ಹಿಂದೆ ಸರಿದೆ. ಅವನು ತಲೆಯೆತ್ತಿ ನೋಡಿದ.

“ಇನ್ನೊಂದ್ಸಲ ಕೇಳಲ್ವೇನ್ಲಾ? ಈ ಮನೇಲಿ ಮೂವತ್ತು ವರ್ಸದಿಂದ ನಂಗ್ಯಾರೂ ಕೇಳಿಲ್ಲ ಕಣ್ಲಾ.”

ಆ ಸಲ ಕೇಳಿದೆ. ಆಮೇಲೂ ದಿನಾ ಕೇಳಿದೆ. ಜಯಮ್ಮ ಮದುವೆಯಾಗಿ ಬಂದ ಮೇಲೆ ಅವಳೂ ಕೇಳಿದಳು.

ಇದನ್ನೆಲ್ಲ ಹೇಳಿದರೆ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನಿನ್ನೆ ಬಂದ ಕೂಡಲೇ ಕೆಲಸ ಹೇಗಿದೆ ಎಂದು ಕೇಳಿದ್ದೆ, ಚೆನ್ನಾಗಿದೆ ಎಂದಿದ್ದಳು. ನಾನೂ ಪೇಪರು ಬಿಡಿಸಿಕೊಂಡು ಕೂತಿದ್ದೆ. ಈಗ ಎರಡನೆಯ ಸಲ ಕೇಳಿದೆ. ಅವಳು ನಗು ನಿಲ್ಲಿಸಿ, ನನ್ನ ಪಕ್ಕದಲ್ಲಿ ನೆಲಕ್ಕೆ ಕೂತು, ಕಾಲು ನೀಡಿಕೊಂಡಳು.

“ಕಾಲು ತುಂಬ ನೋಯ್ತದೆ ತಾತ. ಅಲ್ಲಿ ಕೂರೋ ಹಾಗೇ ಇಲ್ಲ.”