ರೈಟ್ ಅಂದ ಪ್ರಯಾಣಿಕ

ಏಕಾಂತಯ್ಯನವರು ನಮ್ಮ ಮಹಡಿಯ ಕೋಣೆಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ. ಆರೂವರೆಗೆ ಬರುತ್ತೇನೆ ಅಂದಿದ್ದರು, ಆರೂವರೆಗೇ ಬಂದರು. ನನಗೆ ಅಲ್ಲೇ ಸಿಟ್ಟು ಬಂತು. ನಾಳೆ ಅಂದ ಪ್ಲಂಬರ್ ಮುಂದಿನ ವಾರ ಬರುವ ಗೋವಿಂದರಾಜನಗರದಲ್ಲಿ ಹೀಗೆ ಹೇಳಿದ ಹೊತ್ತಿಗೆ ಬಂದು ನಿಂತರೆ ಮನೆಯವರ ಗತಿ ಏನು? ನಾನಿನ್ನೂ ಮುಖ ತೊಳೆದಿರಲಿಲ್ಲ.

ನಾನು ಜ್ಞಾನಭಾರತಿಯ ಒಂದು ಆಫೀಸಿನಲ್ಲಿ ಗುಮಾಸ್ತೆ. ಜೊತೆಯಲ್ಲಿ ಕೆಲಸ ಮಾಡುವ ವಚನಾ ಗಂಟುಬಿದ್ದಿದ್ದಳು. "ನಮ್ಮ ದೊಡ್ಡಪ್ಪ ಎಂಟು ದಿನ ಬೆಂಗಳೂರು ನೋಡೋಕೆ ಒಬ್ರೇ ಬರ್ತಿದಾರೆ, ಶುಭಾ ಮೇಡಂ. ನಾನಿರೋದು ಲೇಡೀಸ್ ಪಿ.ಜಿ. ನಿಮ್ಮ ಮೇಲಿನ ರೂಮ್ ಖಾಲಿ ಇದೆಯಲ್ಲ." ಇಲ್ಲ ಅನ್ನಲು ನನ್ನ ನಾಲಿಗೆ ಯಾವತ್ತೂ ಸಮಯಕ್ಕೆ ಏಳುವುದಿಲ್ಲ.

ಮನುಷ್ಯ ಮಾತ್ರ ಬಲು ಸಾಧು. ಮೂವತ್ತೊಂದು ವರ್ಷ ಕಂಡಕ್ಟರ್ ಕೆಲಸ ಮಾಡಿ, ರಾಣೆಬೆನ್ನೂರು ಡಿಪೋದಿಂದ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಸ್ನಾನ, ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಕೆಳಗೆ ಬಂದು, ನಾನು ಕೊಟ್ಟ ಉಪ್ಪಿಟ್ಟನ್ನು ನಿಂತೇ ತಿಂದರು. ಕೂತುಕೊಳ್ಳಿ ಅಂದರೆ, "ರೂಢಿ ಇಲ್ರೀ" ಅಂದರು. ಆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಅವರು ಯಾಕೆ ಬಂದಿದ್ದಾರೆ ಎಂಬುದೂ ನನಗೆ ತಿಳಿಯಿತು.

ಹನ್ನೊಂದು ವರ್ಷ ಅವರಿಗೆ ಬೆಂಗಳೂರಿನದೇ ಡ್ಯೂಟಿ. ಆದರೆ ಅವರು ಕಂಡ ಬೆಂಗಳೂರು ಅಂದರೆ ಮೆಜೆಸ್ಟಿಕ್ಕಿನ ಒಂದು ಪ್ಲಾಟ್‌ಫಾರ್ಮು, ಸಿಬ್ಬಂದಿ ಮಲಗುವ ಕೋಣೆ, ಎದುರಿಗಿನ ಇಡ್ಲಿ ಹೋಟೆಲು. ಪಣಜಿಯೂ ಅಷ್ಟೇ, ಧರ್ಮಸ್ಥಳವೂ ಅಷ್ಟೇ. ಹೆಂಡತಿ ಬಸವರಾಜೇಶ್ವರಿ ಪ್ರತಿಸಲ "ಊರು ಹೆಂಗೈತ್ರೀ?" ಎಂದು ಕೇಳುತ್ತಿದ್ದರಂತೆ. ಇವರು "ರಶ್ ಇತ್ತು" ಅನ್ನುತ್ತಿದ್ದರಂತೆ. ಮೂವತ್ತೊಂದು ವರ್ಷ, ಎಲ್ಲ ಊರಿಗೂ ಅದೊಂದೇ ಉತ್ತರ.

ನಿವೃತ್ತಿಯಾದ ಮೇಲಾದರೂ ಊರು ನೋಡೋಣವೆಂದು ಆಕೆ ಗಂಡನ ಜೊತೆ ಮೈಸೂರಿಗೆ ಹೊರಟರು. ಬಸ್ಸಿಳಿದ ಕೂಡಲೇ ಇವರು ವಾಚು ನೋಡಿ, "ಇಪ್ಪತ್ತು ನಿಮಿಷ ಐತಿ, ಲಗೂನ ಚಹಾ ಕುಡಿ" ಅಂದರು. ಅರಮನೆಯ ಬಾಗಿಲಿಗೆ ಹೋಗಿ, ಒಳಗೆ ಸಾಲು ಉದ್ದ ಇದೆ ಎಂದು ಹಿಂದಕ್ಕೆ ಕರೆತಂದರು. ಮಧ್ಯಾಹ್ನಕ್ಕೆ ವಾಪಸ್ ಬಸ್ಸಿನಲ್ಲಿದ್ದರು. ಆಕೆ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ತೀರ್ಪು ಕೊಟ್ಟರು: "ನೀವು ಒಂದೂರಾಗ ಒಬ್ಬರ ಎಂಟು ದಿನ ನಿಂತು ಬರ್ರಿ. ಆಮ್ಯಾಲೆ ನಾ ನಿಮ್ಮ ಸಂಗಾಟ ಬರ್ತೀನಿ. ಇಲ್ಲಾಂದ್ರ ಈ ಜನ್ಮದಾಗ ನಿಮ್ಮ ಸಂಗಾಟ ಬಸ್ ಹತ್ತಂಗಿಲ್ಲ."

"ಖರೇನ ಹತ್ತಂಗಿಲ್ಲರೀ ಆಕಿ," ಎಂದರು ಏಕಾಂತಯ್ಯನವರು. ಹೇಳುವಾಗ ಪ್ಲೇಟು ಹಿಡಿದ ಕೈ ಕೆಳಗಿಳಿದಿತ್ತು. ನನಗೆ ಪಾಪ ಅನ್ನಿಸಿತು.

ಆದರೆ ಪಾಪ ಅನ್ನಿಸಿದ್ದು ಎರಡೇ ದಿನ. ಸೋಮವಾರ ಬಸವೇಶ್ವರನಗರಕ್ಕೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬಂದರು. ಮಂಗಳವಾರ ರಾಜಾಜಿನಗರ, ಮತ್ತೆ ಅದೇ ಕಥೆ. ಏನು ನೋಡಿದಿರಿ ಅಂದರೆ, ಡ್ರೈವರ್ ಕ್ಲಚ್ಚು ಸರಿಯಾಗಿ ಬಿಡುವುದಿಲ್ಲ ಅಂದರು. ಬುಧವಾರ ಬೆಳಿಗ್ಗೆ ನೋಡಿದರೆ ಬ್ಯಾಗು ಕಟ್ಟಿ ಮೆಟ್ಟಿಲ ಮೇಲೆ ಇಟ್ಟಿದ್ದರು.

"ಸಂಜಿ ಬಸ್ಸಿಗೆ ಹೋಗಿಬಿಡ್ತೀನ್ರೀ ಮೇಡಂ. ನನ್ನ ಕೈಲಿ ಆಗೂದಿಲ್ಲ. ನಿಂತಲ್ಲಿ ನಿಲ್ಲಾಕ ಬರೂದಿಲ್ಲ ನನಗ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಹುಟ್ಟುಗುಣವೂ ಅಲ್ಲ, ಡ್ಯೂಟಿಯಿಂದ ಬಂದದ್ದು. ನನಗೆ ತಲೆ ಕೆಟ್ಟಿತು. "ಸಂಜೆ ತನಕ ಟೈಮ್ ಇದೆಯಲ್ಲ, ಕೆಂಗೇರಿಗೆ ಹೋಗಿ ಬನ್ನಿ. ಕೊನೇ ಸ್ಟಾಪಲ್ಲಿ ಇಳಿದು ಒಂದು ಗಂಟೆ ನಿಲ್ಲಿ ಸಾಕು. ಅದೂ ಆಗಲ್ಲ ಅಂದ್ರೆ ನಿಮ್ಮ ಮನೆಯವರು ಹೇಳಿದ್ದೇ ಸರಿ," ಎಂದು ಗದರಿಸಿ ನನ್ನ ಜೊತೆಗೇ ಹೊರಡಿಸಿದೆ. ನನ್ನ ಆಫೀಸೂ ಅದೇ ದಾರಿ.

ವಿಜಯನಗರ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು. ನಾನು ಮುಂದೆ ಹೆಂಗಸರ ಸೀಟಿನಲ್ಲಿ ಕೂತೆ, ಅವರು ಹಿಂದೆ ಬಾಗಿಲ ಪಕ್ಕದಲ್ಲಿ. ಕಂಡಕ್ಟರು ಹೊರಡುವ ಹೊತ್ತನ್ನು ಬರೆಸಲು ನಿಲ್ದಾಣದ ಕಂಟ್ರೋಲರ್ ಹತ್ತಿರ ಇಳಿದು ಹೋಗಿದ್ದ. ಜನ ಬಾಗಿಲಲ್ಲೇ ಜೋತುಬಿದ್ದಿದ್ದರು, ಬಿಸಿಲಿಗೆ ನನಗೂ ತೂಕಡಿಕೆ ಬರುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಗಟ್ಟಿ ದನಿ ಕೇಳಿಸಿತು.

"ಬಾಗಲಾ ಬಿಡ್ರಿ, ಒಳಗ ನಡೀರಿ, ಒಳಗ ಜಾಗಾ ಐತಿ. ರೈಟ್!"

ಜೊತೆಗೇ ಬಸ್ಸಿನ ತಗಡಿಗೆ ಎರಡು ಏಟು ಬಿದ್ದವು. ಜನ ತೆಪ್ಪಗೆ ಒಳಗೆ ನಡೆದರು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ನಮ್ಮ ಸಿಟಿ ಬಸ್ಸುಗಳಲ್ಲಿ ಉತ್ತರ ಕರ್ನಾಟಕದ ಕಡೆಯ ಸಿಬ್ಬಂದಿ ಬೇಕಾದಷ್ಟು ಮಂದಿ ಇರುವುದರಿಂದ ಡ್ರೈವರಿಗಾಗಲಿ ನನಗಾಗಲಿ ಏನೂ ಅನ್ನಿಸಲಿಲ್ಲ.

ಅತ್ತಿಗುಪ್ಪೆಯಲ್ಲಿ ಒಂದು ಸ್ಕೂಟರು ಬಸ್ಸಿಗೆ ಅಡ್ಡ ಬಂದು ನಿಂತಿತು. ಹಿಂದೆ ಕೂತಿದ್ದವನು ನಿಜವಾದ ಕಂಡಕ್ಟರು. ಎದೆಯ ಮೇಲೆ ಯಶ್ವಂತ್ ಅಂತ ಹೆಸರಿನ ಪಟ್ಟಿ, ಕೈಯಲ್ಲಿ ಸೀಟಿ, ಮುಖ ಕೆಂಡ. ಬಸ್ಸು ಹತ್ತಿದವನೇ ಕೂಗಿದ.

"ಯಾರ್ರೀ ಅದು ರೈಟ್ ಹೇಳಿದ್ದು? ನನ್ನ ಬಿಟ್ಟು ಬಸ್ ಕಳಿಸಿದ್ದು ಯಾರು?"

ಎಲ್ಲರೂ ಹಿಂದೆ ತಿರುಗಿದರು. ಏಕಾಂತಯ್ಯನವರು ಎದ್ದು ನಿಂತರು. ಆಗಷ್ಟೇ ಅವರಿಗೆ ಪೂರಾ ಎಚ್ಚರವಾದಂತಿತ್ತು. "ನಾನ್ರೀ," ಅಂದರು.

"ಬೆಳಗ್ಗೆ ಬೆಳಗ್ಗೇನೇ ಎಣ್ಣೆ ಹಾಕಿದಾರೆ ಸಾರ್," ಎಂದ ಒಬ್ಬ. ಆಫೀಸಿಗೆ ತಡವಾಯಿತೆಂದು ಇನ್ನೊಬ್ಬಳು ಕೂಗಾಡಿದಳು. ಹಣೆಯ ವಿಭೂತಿ ನೋಡಿಯೂ ಜನ ಹೀಗೆಲ್ಲ ಮಾತಾಡಿದಾಗ ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಬೈಯಬೇಕು, ಅವರು ನಮ್ಮವರು ಅನ್ನಬೇಕು ಅಂದುಕೊಂಡೆ. ಆದರೆ ಕೂತೇ ಇದ್ದೆ. ಅದಕ್ಕೆ ನನಗೆ ಈಗಲೂ ನಾಚಿಕೆಯಿದೆ.

"ಇಳೀರಿ ಕೆಳಗೆ. ಕಂಪ್ಲೇಂಟ್ ಬರೀತೀನಿ," ಎಂದ ಯಶ್ವಂತ್.

ಹಿಂದಿನ ಗಾಡಿಗಳ ಹಾರ್ನು ತಾಳಲಾರದೆ ಡ್ರೈವರು ಬಸ್ಸನ್ನು ತಟ್ಟನೆ ಮುಂದಕ್ಕೆ ಬಿಟ್ಟ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬೀಳದೆ ನಿಂತವರು ಇಬ್ಬರೇ. ಯಶ್ವಂತ್ ಸೀಟಿನ ಅಂಚಿಗೆ ಸೊಂಟ ಕೊಟ್ಟು ನಿಂತಿದ್ದ. ಎದುರಿಗೆ ಏಕಾಂತಯ್ಯನವರು ಏನನ್ನೂ ಹಿಡಿಯದೆ, ಕೈ ಮುಗಿದುಕೊಂಡು, ಅದೇ ರೀತಿ ಸೊಂಟ ಕೊಟ್ಟು ನಿಂತಿದ್ದರು. ಯಶ್ವಂತ್ ಅವರ ಕಾಲು ನೋಡಿದ, ಸೊಂಟ ನೋಡಿದ, ಸೀಟಿಯನ್ನು ಜೇಬಿಗೆ ಹಾಕಿಕೊಂಡ.

"ಯಾವ ಡಿಪೋ?"

"ರಾಣೆಬೆನ್ನೂರು. ಬಿಟ್ಟು ಎಂಟು ತಿಂಗಳಾತು, ತಮ್ಮಾ. ಜನ ಬಾಗಲಾಗ ನಿಂತಿದ್ರು... ಬಾಯಿಗೆ ಬಂದುಬಿಡ್ತು. ತಪ್ಪಾತು."

"ಕೂತ್ಕೊಳ್ಳಿ ಅಣ್ಣ," ಎಂದ ಯಶ್ವಂತ್. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಾನೂ ನಿದ್ದೇಲಿ ಟಿಕೆಟ್ ಟಿಕೆಟ್ ಅಂತೀನಂತೆ. ನನ್ನ ಹೆಂಡ್ತಿ ಬೈತಾಳೆ," ಎಂದ. ಗೊಣಗುತ್ತಿದ್ದವನಿಗೆ, "ಆಯ್ತು ಬಿಡಿ ಸಾರ್, ಎರಡು ನಿಮಿಷ ಲೇಟಾದ್ರೆ ಏನೂ ಮುಳುಗಲ್ಲ," ಎಂದು ತಾನೇ ಜವಾಬು ಕೊಟ್ಟ. ಕೆಂಗೇರಿಯವರೆಗೂ ಅವರಿಬ್ಬರದೂ ಮುಗಿಯದ ಮಾತು.

ಜ್ಞಾನಭಾರತಿ ಗೇಟು ಬಂತು, ಹೋಯಿತು, ನಾನು ಇಳಿಯಲಿಲ್ಲ. ಇಷ್ಟೆಲ್ಲ ಆದಮೇಲೆ ಈ ಮನುಷ್ಯ ಇದೇ ಬಸ್ಸಿನಲ್ಲಿ ತಿರುಗಿ ಹೋಗಿ ಬ್ಯಾಗು ಎತ್ತಿಕೊಂಡುಬಿಡುತ್ತಾರೆ ಅನ್ನುವ ಭಯ ನನಗೆ. ಅರ್ಧ ದಿನದ ರಜೆ ಅಂತ ಆಫೀಸಿಗೆ ಮೆಸೇಜು ಹಾಕಿದೆ.

ಕೆಂಗೇರಿಯಲ್ಲಿ ಬಸ್ಸು ಖಾಲಿಯಾಯಿತು. ಏಕಾಂತಯ್ಯನವರು ಇಳಿದು ಬಾಗಿಲ ಪಕ್ಕದಲ್ಲೇ ನಿಂತರು. ವಾಚು ನೋಡಿಕೊಂಡರು.

"ಇನ್ನು ಹನ್ನೆರಡು ನಿಮಿಷದಲ್ಲಿ ಹೊರಡ್ತೀವಿ ಅಣ್ಣ. ಬನ್ನಿ, ಅದೇ ಸೀಟಲ್ಲಿ ಕೂತ್ಕೊಳ್ಳಿ," ಎಂದ ಯಶ್ವಂತ್.

ಅವರು ಮೆಟ್ಟಿಲ ಮೇಲೆ ಕಾಲಿಟ್ಟರು. ನಾನು ಮುಂದಿನ ಬಾಗಿಲಿಂದ ಇಳಿದು, ಸ್ವಲ್ಪ ದೂರದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದೆ. ಕಾಲಿಟ್ಟವರು ಅಲ್ಲೇ ತಡೆದು, "ಈ ರೂಟಿಗೆ ಬಂದು ಎಷ್ಟು ವರ್ಷಾತು ತಮ್ಮಾ?" ಎಂದು ಕೇಳಿದರು.

"ಒಂಬತ್ತಾಯ್ತು."

"ಆ ರಸ್ತೆದಾಗ ಹೋದ್ರ ಏನೈತಿ?"

ಯಶ್ವಂತ್ ಗೇಟಿನಾಚೆ ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಪೆಚ್ಚಾಯಿತು. "ಗೊತ್ತಿಲ್ಲ ಅಣ್ಣ. ನಾನು ಈ ಗೇಟ್ ದಾಟಿಲ್ಲ," ಎಂದ.

ಏಕಾಂತಯ್ಯನವರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಾಲು ಕೆಳಗಿಳಿಸಿ ಅವನ ಭುಜ ತಟ್ಟಿದರು. "ಹಂಗಾರ ನೀ ನಡಿ. ನಾ ನೋಡ್ಕೊಂಡು ಬರ್ತೀನಿ."

ಹೊತ್ತಾದಾಗ ಯಶ್ವಂತ್ ಸೀಟಿ ಊದಿದ. ಅವರ ಬಲಗೈ ಬಸ್ಸಿನ ತಗಡು ತಟ್ಟಲು ಅರ್ಧ ಎದ್ದಿತ್ತು, ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವರಿಲ್ಲದೆ ಬಸ್ಸು ತಿರುಗಿ ಹೋಯಿತು. ಹೋದ ಮೇಲೆ ಅವರು ನಕ್ಕರು. ಮೂರು ದಿನದಲ್ಲಿ ಆ ನಗು ನಾನು ಕಂಡಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

ಮುಂದೆ ಅವರು, ಹಿಂದೆ ಇಪ್ಪತ್ತು ಹೆಜ್ಜೆಯಲ್ಲಿ ನಾನು. ಎಂಟು ದಿನ ಒಬ್ಬರೇ ಅಂತಲ್ಲವೇ ಕರಾರು, ಅದಕ್ಕೆ ಮಾತಾಡಿಸಲಿಲ್ಲ. ನಡೆದೇ ನಡೆದರು. ಹಳೆಯ ಪೇಟೆಯ ಬೀದಿಯಲ್ಲಿ ಒಂದು ಅರಳೀಕಟ್ಟೆ ಸಿಕ್ಕಿತು. ಅಲ್ಲಿ ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತರು. ಕೂತರು! ಫೋನು ತೆಗೆದು, ಸ್ಪೀಕರ್ ಹಾಕಿ ಮೊಣಕಾಲ ಮೇಲಿಟ್ಟುಕೊಂಡರು.

"ಊರು ಹೆಂಗೈತ್ರೀ?" ಎಂದಿತು ಬಸವರಾಜೇಶ್ವರಿಯವರ ದನಿ.

"ಕೇಳು. ಇಲ್ಲೊಂದು ಅರಳಿ ಮರ ಐತಿ. ಎದುರಿಗೆ ಒಂದು ಹಂಚಿನ ಮನಿ, ಬಾಗಲಾ ಹಸರು. ಒಬ್ಬಾಕಿ ಮುದುಕಿ ಕನಕಾಂಬರ ಕಟ್ಟಾಕ ಹತ್ಯಾಳ, ಹೂವು ಮಾತ್ರ ನೋಡವಲ್ಲಳು, ಬೀದಿ ನೋಡಾಕ ಹತ್ಯಾಳ. ಆ ಕಡೆ ಒಂದು ಹಿಟ್ಟಿನ ಗಿರಣಿ, ಅದರ ಪಕ್ಕದಾಗ..."

ಇವರು ಮಾತು ನಿಲ್ಲಿಸಿ ಫೋನನ್ನು ಕೈಗೆತ್ತಿಕೊಂಡರು. ಗಾಬರಿಯಾಗಿ, "ಕೇಳಾಕ ಹತ್ತೀ ಇಲ್ಲೋ?" ಅಂದರು.

"ಕೇಳಾಕ ಹತ್ತೀನ್ರಿ," ಎಂದರು ಆಕೆ. ದನಿ ಒದ್ದೆಯಾಗಿತ್ತು. "ಎಲ್ಲಾ ನೀವ ಹೇಳಿ ಮುಗಸಬ್ಯಾಡ್ರಿ. ನಾ ಬಂದಾಗ ನೋಡಾಕ ಒಂದೀಟು ಉಳಸ್ರಿ."